ಜೈಲುಗಳಲ್ಲಿ ಲೈಂಗಿಕ ಸೋಂಕುಗಳ ತಪಾಸಣೆ ಮತ್ತು ಚಿಕಿತ್ಸೆ

ಬಂಧನಕ್ಕೊಳಗಾಗಿ ಜೈಲು ಸೇರಿದವರಲ್ಲಿ ಕ್ಲಮೈಡಿಯಾ, ಗೊನೋರಿಯಾ, ಸಿಫಿಲಿಸ್, ಟ್ರೈಕೊಮೊನಾಸ್, ಎಚ್‌ಐವಿ, ಹೆಪಟೈಟಿಸ್ ಬಿ ಮುಂತಾದ ಸೋಂಕುಗಳನ್ನು ಪತ್ತೆಹಚ್ಚಿ ಮದ್ದು ಕೊಡುವ, ಅವರ ಸಂಗಾತಿಗಳಿಗೂ ಚಿಕಿತ್ಸೆ ದೊರೆಯುವಂತೆ ನೋಡಿಕೊಳ್ಳುವ ಸಾರ್ವಜನಿಕ ಆರೋಗ್ಯ ಕಾರ್ಯ. ಅಮೆರಿಕದ ಜೈಲುಗಳಲ್ಲಿ ಈ ಕೆಲಸ ಹಲವು ದಶಕಗಳಿಂದ ನಡೆದುಬಂದಿದೆ. ಅದರ ಗೆಲುವು, ಸೋಲು ಎರಡೂ ದಾಖಲೆಯಲ್ಲಿವೆ. ಆದ್ದರಿಂದ ಈ ಲೇಖನದ ಬಹುಭಾಗ ಅಲ್ಲಿನದು. ಭಾರತದ ಸ್ಥಿತಿಯನ್ನು ಕೊನೆಯ ಭಾಗದಲ್ಲಿ ನೋಡಬಹುದು.

ಅಮೆರಿಕದಲ್ಲಿ ಒಂದು ವರ್ಷ ಮೀರಿದ ಶಿಕ್ಷೆಗೆ ಗುರಿಯಾದವರು ಸಾಮಾನ್ಯವಾಗಿ ರಾಜ್ಯ ಅಥವಾ ಕೇಂದ್ರ ಸರ್ಕಾರದ ಸೆರೆಮನೆಗೆ ಹೋಗುತ್ತಾರೆ. ಆಗಷ್ಟೇ ಬಂಧಿತರಾದವರು, ವಿಚಾರಣೆಗೆ ಕಾದಿರುವವರು, ಜಾಮೀನಿನ ಹಣ ಹೊಂದಿಸಲಾಗದವರು, ಕೆಲವು ತಿಂಗಳ ಶಿಕ್ಷೆಯವರು ಇರುವುದು ಕೌಂಟಿ ಅಥವಾ ನಗರಾಡಳಿತದ ಜೈಲುಗಳಲ್ಲಿ. ಇಂಥ ಜೈಲುಗಳು ದೇಶದಲ್ಲಿ ಸುಮಾರು 3,000 ಇವೆ. 2019ರ ಮಧ್ಯಭಾಗದಲ್ಲಿ ಯಾವುದೇ ಒಂದು ದಿನ ಎಣಿಸಿದರೆ ಒಳಗಿದ್ದವರು ಏಳು ಲಕ್ಷ ಚಿಲ್ಲರೆ. ಆದರೆ ಆ ಇಡೀ ವರ್ಷದಲ್ಲಿ ಬಾಗಿಲು ದಾಟಿ ಒಳಬಂದ ಪ್ರಕರಣಗಳು ಒಂದು ಕೋಟಿಗೂ ಹೆಚ್ಚು. ಕೋವಿಡ್ ನಂತರ ಈ ಸಂಖ್ಯೆ ತಗ್ಗಿ 2022ರಲ್ಲಿ 70 ಲಕ್ಷದ ಆಸುಪಾಸಿಗೆ ಬಂತು. ಬಂದವರಲ್ಲಿ ಬಹಳ ಮಂದಿ ಒಂದೆರಡು ದಿನದಲ್ಲೇ ಹೊರಬೀಳುತ್ತಾರೆ. ಕೆಲವರು ತಿಂಗಳುಗಟ್ಟಲೆ ಉಳಿಯುತ್ತಾರೆ. ಯಾರು ಎಷ್ಟು ದಿನ ಇರುತ್ತಾರೆಂಬುದು ಬರುವಾಗ ಅವರಿಗೂ ಗೊತ್ತಿರದು, ಜೈಲಿನ ದಾದಿಗೂ ಗೊತ್ತಿರದು. ಲೈಂಗಿಕ ಸೋಂಕುಗಳ ತಪಾಸಣೆಯ ಕಷ್ಟಗಳೆಲ್ಲ ಹುಟ್ಟುವುದು ಇಲ್ಲಿಂದಲೇ.

ಜೈಲೊಳಗಿನ ಲೈಂಗಿಕ ಸಂಪರ್ಕದಿಂದಲೇ ಈ ರೋಗಗಳು ಅಲ್ಲಿ ಹೆಚ್ಚಾಗಿವೆ ಎಂಬುದು ಜನಸಾಮಾನ್ಯರ ನಂಬಿಕೆ. ಒಳಗೆ ಸೋಂಕು ಹರಡುವುದುಂಟು, ಬಲಾತ್ಕಾರದಿಂದ ಹರಡುವುದೂ ಉಂಟು; ಆದರೂ ಪತ್ತೆಯಾಗುವ ಸೋಂಕುಗಳಲ್ಲಿ ಹೆಚ್ಚಿನವು ಹೊರಗೇ ತಗುಲಿದವು. ಬಂಧನಕ್ಕೊಳಗಾಗುವವರಲ್ಲಿ ಬಡವರು, ಕರಿಯರು, ಎಳೆಯರು, ಮಾದಕ ವಸ್ತುವಿನ ಚಟಕ್ಕೆ ಬಿದ್ದವರು, ನೆಲೆಯಿಲ್ಲದವರು, ಹಣಕ್ಕೋ ಮಾದಕಕ್ಕೋ ಮೈಮಾರಿಕೊಳ್ಳಬೇಕಾದವರು ತಮ್ಮ ಜನಸಂಖ್ಯೆಯ ಪಾಲಿಗಿಂತ ಹೆಚ್ಚು ಸಂಖ್ಯೆಯಲ್ಲಿದ್ದಾರೆ. ವೈದ್ಯರ ಮುಖ ನೋಡಲು ಅವಕಾಶವೇ ಇಲ್ಲದವರೂ ಬಹುಮಟ್ಟಿಗೆ ಇವರೇ. ಇಂಥವರಿಗೆ ವರ್ಷದಲ್ಲಿ ಒಮ್ಮೆಯಾದರೂ ದಾದಿಯೊಬ್ಬಳು ಎದುರು ಕುಳಿತು ಏನಾಗಿದೆ ಎಂದು ಕೇಳುವ ಜಾಗ ಜೈಲೊಂದೇ ಆಗಿರುವುದು ಆ ಸಮಾಜಕ್ಕೆ ನಾಚಿಕೆಯ ಸಂಗತಿ. ಆದರೆ ಆ ಅವಕಾಶವನ್ನೂ ಕೈಬಿಟ್ಟರೆ ಅವರಿಗೆ ಉಳಿಯುವುದು ಏನೂ ಇಲ್ಲ.

ಬಾಗಿಲಲ್ಲಿ ನಡೆಯುವ ಪರೀಕ್ಷೆ

ಕ್ಲಮೈಡಿಯಾ ತಗುಲಿದ ಹೆಂಗಸರಲ್ಲಿ ಹೆಚ್ಚಿನವರಿಗೆ ಯಾವ ಲಕ್ಷಣವೂ ಕಾಣಿಸದು. ಗಂಡಸರಲ್ಲೂ ಎಷ್ಟೋ ಮಂದಿಗೆ ಉರಿಮೂತ್ರವಿಲ್ಲ, ಸ್ರಾವವಿಲ್ಲ. ಹೆಂಗಸರ ಗೊನೋರಿಯಾ ಕೂಡ ಆಗಾಗ ಹೀಗೇ ಮೌನವಾಗಿರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಸೋಂಕು ಗರ್ಭಕೋಶ, ಗರ್ಭನಾಳಗಳಿಗೆ ಏರಿ ಕಿಬ್ಬೊಟ್ಟೆಯ ಉರಿಯೂತ, ಬಂಜೆತನ, ಗರ್ಭನಾಳದಲ್ಲೇ ಗರ್ಭ ನಿಲ್ಲುವುದು ಮುಂತಾದ ತೊಂದರೆಗಳಿಗೆ ದಾರಿಯಾಗುತ್ತದೆ. ಎಂದಮೇಲೆ ‘ತೊಂದರೆ ಇದ್ದವರು ಬಂದು ಹೇಳಲಿ’ ಎಂದು ಕಾಯುವ ಜೈಲು ಆಸ್ಪತ್ರೆಗೆ ಈ ಸೋಂಕುಗಳಲ್ಲಿ ಹೆಚ್ಚಿನವು ಸಿಗುವುದೇ ಇಲ್ಲ.

ಹಿಂದೆ ಪರೀಕ್ಷೆಗೆ ಮೂತ್ರನಾಳದೊಳಗೆ ಹತ್ತಿಕಡ್ಡಿ ತೂರಿಸಬೇಕಿತ್ತು, ಹೆಂಗಸರಿಗೆ ಒಳಪರೀಕ್ಷೆ ಮಾಡಬೇಕಿತ್ತು. ಬಂಧನದ ಗಾಬರಿಯಲ್ಲಿರುವ ಯಾರೂ ಅದಕ್ಕೆ ಸುಲಭವಾಗಿ ಒಪ್ಪುತ್ತಿರಲಿಲ್ಲ. 1990ರ ದಶಕದಲ್ಲಿ ಬಳಕೆಗೆ ಬಂದ, ರೋಗಾಣುವಿನ ನ್ಯೂಕ್ಲಿಯಿಕ್ ಆಮ್ಲವನ್ನು ವೃದ್ಧಿಸಿ ಗುರುತಿಸುವ ಪರೀಕ್ಷೆಗಳು ಇದನ್ನು ಬದಲಿಸಿದವು. ಗಂಡಸರಿಗೆ ಒಂದು ಲೋಟದಲ್ಲಿ ಮೂತ್ರ ಹಿಡಿದುಕೊಟ್ಟರೆ ಸಾಕು. ಹೆಂಗಸರು ಮೂತ್ರ ಕೊಡಬಹುದು, ಅಥವಾ ಶೌಚಾಲಯದಲ್ಲಿ ತಾವೇ ಹತ್ತಿಕಡ್ಡಿಯಿಂದ ಮಾದರಿ ತೆಗೆದುಕೊಡಬಹುದು. ಜೈಲು ಸೇರುವ ಹೆಂಗಸರಿಂದ ಗರ್ಭ ಪರೀಕ್ಷೆಗೆಂದು ಮೂತ್ರ ತೆಗೆದುಕೊಳ್ಳುವ ರೂಢಿ ಹಲವೆಡೆ ಇದೆ. ಅದೇ ಲೋಟದ ಮೂತ್ರದಲ್ಲಿ, ಒಪ್ಪಿಗೆ ಪಡೆದು, ಈ ಎರಡು ಸೋಂಕುಗಳನ್ನೂ ನೋಡಬಹುದು.

ಒಳಬರುವ ಮಂದಿಯ ಸಾಲನ್ನು ಗಮನಿಸಿದರೆ ಈ ಪರೀಕ್ಷೆಗೆ ಸಿಗುವ ಸಮಯವೆಷ್ಟೆಂದು ತಿಳಿಯುತ್ತದೆ. ಜೇಬು ಖಾಲಿ ಮಾಡಿಸುತ್ತಾರೆ, ಬೆರಳಚ್ಚು, ಫೋಟೊ, ಬಟ್ಟೆ ಬದಲಾವಣೆ. ಅದರ ನಡುವೆ ದಾದಿಯ ಮೇಜು: ಆತ್ಮಹತ್ಯೆಯ ಯೋಚನೆ ಇದೆಯೇ, ಕುಡಿತ ನಿಲ್ಲಿಸಿದರೆ ನಡುಕ ಬರುತ್ತದೆಯೇ, ಕ್ಷಯದ ಕೆಮ್ಮೇ, ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಬೇಕೇ ಎಂಬ ಪ್ರಶ್ನೆಗಳು. ಪಕ್ಕದಲ್ಲೇ ಕಾವಲಿನವರು ನಿಂತಿರುತ್ತಾರೆ. ಲೈಂಗಿಕ ಜೀವನದ ಪ್ರಶ್ನೆಗೆ ಅಲ್ಲಿ ನಿಜವಾದ ಉತ್ತರ ಬರುವುದಿಲ್ಲ. ಹಾಗಾಗಿ ಇತಿಹಾಸ ಕೇಳಿ ‘ಅಪಾಯದವರನ್ನು’ ಆರಿಸುವುದಕ್ಕಿಂತ ವಯಸ್ಸು ನೋಡಿ ಎಲ್ಲರಿಗೂ ಪರೀಕ್ಷೆಯ ಅವಕಾಶ ಕೊಡುವುದೇ ಮೇಲೆಂದು ಅನುಭವ ಕಲಿಸಿದೆ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ (ಸಿಡಿಸಿ) 2021ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದನ್ನೇ ಹೇಳುತ್ತದೆ: ಸೆರೆಗೆ ಬರುವ 35 ವರ್ಷದವರೆಗಿನ ಹೆಂಗಸರಿಗೂ 30 ವರ್ಷದೊಳಗಿನ ಗಂಡಸರಿಗೂ ಪ್ರವೇಶದ ಹೊತ್ತಿನಲ್ಲೇ ಕ್ಲಮೈಡಿಯಾ, ಗೊನೋರಿಯಾ ಪರೀಕ್ಷೆ, 35ರವರೆಗಿನ ಹೆಂಗಸರಿಗೆ ಟ್ರೈಕೊಮೊನಾಸ್ ಪರೀಕ್ಷೆ, ಸಿಫಿಲಿಸ್ ವಿಷಯದಲ್ಲಿ ಆಯಾ ಊರಿನ ರೋಗದ ಪ್ರಮಾಣ ನೋಡಿ ನಿರ್ಧಾರ.

‘ಪ್ರವೇಶದ ಹೊತ್ತಿನಲ್ಲೇ’ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ. ಜೈಲು ಆರೋಗ್ಯ ಸೇವೆಯ ಮಾನ್ಯತೆಗೆ ಅಲ್ಲಿ ಬಳಕೆಯಲ್ಲಿರುವ ರಾಷ್ಟ್ರೀಯ ಮಾನದಂಡ ಪೂರ್ಣ ವೈದ್ಯಕೀಯ ಪರೀಕ್ಷೆಗೆ 14 ದಿನಗಳವರೆಗೆ ಗಡುವು ಕೊಡುತ್ತದೆ. ಬೇರೆ ಕಾಯಿಲೆಗಳಿಗೆ ಇದು ನಡೆದೀತು. ಆದರೆ ಲೈಂಗಿಕ ಸೋಂಕಿನ ಪರೀಕ್ಷೆಯನ್ನೂ ಆ ದಿನಕ್ಕೆ ಮುಂದೂಡಿದ ಜೈಲಿನಲ್ಲಿ, ಆ ದಿನ ಬರುವ ಹೊತ್ತಿಗೆ ಬಂದವರಲ್ಲಿ ಬಹುಪಾಲು ಮಂದಿ ಮನೆಗೋ ಬೀದಿಗೋ ಮರಳಿರುತ್ತಾರೆ. ಕಾಗದದ ಮೇಲೆ ಕಾರ್ಯಕ್ರಮವಿದೆ, ಅದು ಮುಟ್ಟುವ ಜನ ಮಾತ್ರ ಕೈಬೆರಳೆಣಿಕೆಯವರು.

ಮದ್ದು ಕೊಡುವಷ್ಟರಲ್ಲಿ ಬಿಡುಗಡೆ

ಮಾದರಿ ತೆಗೆದ ಮೇಲೂ ಸಮಯದ ಓಟ ಮುಗಿಯುವುದಿಲ್ಲ. ಪ್ರಯೋಗಾಲಯದ ಫಲಿತಾಂಶ ಬರಲು ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಸೋಂಕಿತರು ಹೊರಗಿರಬಹುದು. ಆಗ ಕೆಲಸ ಸ್ಥಳೀಯ ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿಗೆ ಬೀಳುತ್ತದೆ. ಜೈಲಿನ ದಾಖಲೆಯಲ್ಲಿರುವ ಫೋನ್ ಸಂಖ್ಯೆ ಚಾಲ್ತಿಯಲ್ಲಿರದು, ವಿಳಾಸ ಹಳೆಯದು. ಒಬ್ಬರನ್ನು ಹುಡುಕಿ ತರಲು ಹಿಡಿಯುವ ಶ್ರಮ ಒಳಗೇ ಮದ್ದು ಕೊಡುವ ಶ್ರಮಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಲಕ್ಷಣವಿದ್ದವರಿಗೆ ಫಲಿತಾಂಶಕ್ಕೆ ಕಾಯದೆ ಅಂದೇ ಮದ್ದು ಕೊಡುವುದು ಒಳ್ಳೆಯ ರೂಢಿ.

ಗೊನೋರಿಯಾಕ್ಕೆ ಮಾಂಸಖಂಡಕ್ಕೆ ಕೊಡುವ 500 ಮಿಲಿಗ್ರಾಂ ಸೆಫ್‌ಟ್ರಯಾಕ್ಸೋನ್ ಚುಚ್ಚುಮದ್ದು ಒಂದೇ ಸಲಕ್ಕೆ ಮುಗಿಯುತ್ತದೆ. ಕ್ಲಮೈಡಿಯಾದ ಸಂಗತಿ ಬೇರೆ. 2021ರ ಮಾರ್ಗಸೂಚಿ ಮೊದಲ ಆಯ್ಕೆಯಾಗಿ ಹೇಳುವುದು 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್, ದಿನಕ್ಕೆ ಎರಡು ಸಲ, ಏಳು ದಿನ. ಒಂದೇ ಸಲ ನುಂಗುವ ಒಂದು ಗ್ರಾಂ ಅಜಿತ್ರೊಮೈಸಿನ್ ಹಿಂದಕ್ಕೆ ಸರಿದಿದೆ. ಗುದದ್ವಾರದ ಸೋಂಕಿಗೆ ಅದು ಅಷ್ಟು ಪರಿಣಾಮಕಾರಿಯಲ್ಲ. ಆದರೆ ಜೈಲಿನಲ್ಲಿ ಏಳು ದಿನದ ಮದ್ದೆಂದರೆ ಹದಿನಾಲ್ಕು ಸಲ ಮಾತ್ರೆಯ ಸಾಲಿನಲ್ಲಿ ನಿಲ್ಲಬೇಕು, ದಾದಿಯೆದುರು ನುಂಗಿ ಬಾಯಿ ತೆರೆದು ತೋರಿಸಬೇಕು. ಮೂರನೆಯ ದಿನ ನ್ಯಾಯಾಲಯಕ್ಕೆ ಹೋದವನು ಅಲ್ಲಿಂದಲೇ ಬಿಡುಗಡೆಯಾದರೆ ಉಳಿದ ಮಾತ್ರೆಗಳು ಜೈಲಿನ ಕಪಾಟಿನಲ್ಲೇ ಉಳಿಯುತ್ತವೆ. ಪೂರ್ಣ ಮಾತ್ರೆಯ ಪಟ್ಟಿಯನ್ನೇ ಕೈಗೆ ಕೊಡುವ ಜೈಲುಗಳಿವೆ. ಮದ್ದು ಕೈದಿಯ ಬಳಿ ಇರಕೂಡದೆಂದು ಹಟ ಹಿಡಿಯುವವೂ ಇವೆ. ಅಲ್ಪಾವಧಿ ಬಂಧನದಲ್ಲಿ ಅರ್ಧಕ್ಕೆ ನಿಂತ ಉತ್ತಮ ಮದ್ದಿಗಿಂತ ಎದುರಲ್ಲೇ ನುಂಗಿದ ಎರಡನೆಯ ದರ್ಜೆಯ ಮದ್ದು ಮೇಲೆಂದು ವಾದಿಸುವ ಜೈಲು ವೈದ್ಯರ ಮಾತಿನಲ್ಲಿ ಹುರುಳಿದೆ. ಗರ್ಭಿಣಿಯರಿಗಂತೂ ಅಜಿತ್ರೊಮೈಸಿನ್ನೇ ಸರಿಯಾದ ಮದ್ದು.

ಸಂಗಾತಿಗೆ ಚಿಕಿತ್ಸೆ ಆಗದಿದ್ದರೆ ಬಿಡುಗಡೆಯಾದವರಿಗೆ ಸೋಂಕು ಮತ್ತೆ ತಗುಲುತ್ತದೆ. ಸಂಗಾತಿಯನ್ನು ವೈದ್ಯರು ನೋಡದಿದ್ದರೂ ಅವರ ಪಾಲಿನ ಮದ್ದನ್ನು ರೋಗಿಯ ಕೈಯಲ್ಲೇ ಕಳಿಸಲು ಅಮೆರಿಕದ ಹೆಚ್ಚಿನ ರಾಜ್ಯಗಳ ಕಾನೂನು ಅವಕಾಶ ಕೊಡುತ್ತದೆ. ಜೈಲುಗಳಲ್ಲಿ ಇದರ ಬಳಕೆ ಇನ್ನೂ ಕಡಿಮೆ.

ಈ ಶ್ರಮದ ಫಲ ಗೋಡೆಯಾಚೆಗೂ ತಲುಪುತ್ತದೆ ಎನ್ನುವುದಕ್ಕೆ ಸ್ಯಾನ್ ಫ್ರಾನ್ಸಿಸ್ಕೊದ ಉದಾಹರಣೆ ಹೆಸರಾದುದು. ಅಲ್ಲಿ ನಗರದ ಜೈಲುಗಳಲ್ಲಿ 1990ರ ದಶಕದ ಕೊನೆಯಿಂದ ಎಳೆಯರಿಗೆ ವ್ಯಾಪಕವಾಗಿ ಕ್ಲಮೈಡಿಯಾ ಪರೀಕ್ಷೆ ನಡೆಯಿತು. ಜೈಲಿಗೆ ಹೋಗಿಬರುವವರು ಹೆಚ್ಚಿರುವ ಬಡಾವಣೆಯ ಆರೋಗ್ಯ ಕೇಂದ್ರಕ್ಕೆ ಬರುವ ಯುವತಿಯರಲ್ಲಿ ಮುಂದಿನ ವರ್ಷಗಳಲ್ಲಿ ಆ ಸೋಂಕು ಗಣನೀಯವಾಗಿ ಇಳಿಯಿತೆಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಯುವತಿಯರಲ್ಲಿ ಹೆಚ್ಚಿನವರು ಜೈಲಿನ ಮುಖವನ್ನೇ ನೋಡಿರಲಾರರು.

ಸಿಫಿಲಿಸ್ ಮತ್ತು ಹುಟ್ಟುವ ಮಕ್ಕಳು

2000ದ ಹೊತ್ತಿಗೆ ಅಮೆರಿಕದಲ್ಲಿ ಅಳಿದೇಹೋಗುವಷ್ಟು ಇಳಿದಿದ್ದ ಸಿಫಿಲಿಸ್ ಮತ್ತೆ ಏರಿದೆ. 2022ರಲ್ಲಿ ಎಲ್ಲ ಹಂತಗಳೂ ಸೇರಿ ಎರಡು ಲಕ್ಷಕ್ಕೂ ಹೆಚ್ಚು ಪ್ರಕರಣಗಳು ವರದಿಯಾದವು. ಅದಕ್ಕಿಂತ ಎದೆ ನಡುಗಿಸುವುದು ತಾಯಿಯಿಂದ ಮಗುವಿಗೆ ಬಂದ ಸಿಫಿಲಿಸ್: ಅದೇ ವರ್ಷ 3,700ಕ್ಕೂ ಹೆಚ್ಚು ಪ್ರಕರಣಗಳು, 2012ರಲ್ಲಿದ್ದುದರ ಹತ್ತು ಪಟ್ಟಿಗೂ ಮಿಗಿಲು. ಸಕಾಲದಲ್ಲಿ ತಾಯಿಗೆ ಪರೀಕ್ಷೆ, ಚಿಕಿತ್ಸೆ ಆಗಿದ್ದರೆ ಇವುಗಳಲ್ಲಿ ಹತ್ತಕ್ಕೆ ಒಂಬತ್ತನ್ನು ತಡೆಯಬಹುದಿತ್ತೆಂದು ಸಿಡಿಸಿಯೇ ಹೇಳಿತು. ಗರ್ಭಿಣಿಯಾಗಿದ್ದೂ ಒಮ್ಮೆಯೂ ಆಸ್ಪತ್ರೆಗೆ ಹೋಗದ ಹೆಂಗಸರಲ್ಲಿ ಕೆಲವರು ಆ ತಿಂಗಳುಗಳಲ್ಲಿ ಜೈಲಿಗೆ ಬಂದುಹೋಗಿರುತ್ತಾರೆ. ಆ ಒಂದು ರಾತ್ರಿ ಅವರ ತೋಳಿನಿಂದ ರಕ್ತ ತೆಗೆದಿದ್ದರೆ ಒಂದು ಮಗು ಆರೋಗ್ಯವಾಗಿ ಹುಟ್ಟುತ್ತಿತ್ತು ಎಂಬುದನ್ನು ಮರೆತು ಜೈಲಿನ ಆರೋಗ್ಯ ಸೇವೆಯ ಖರ್ಚು ವೆಚ್ಚ ಲೆಕ್ಕ ಹಾಕುವಂತಿಲ್ಲ.

ಸಿಫಿಲಿಸ್ ಪರೀಕ್ಷೆಗೆ ಮೂತ್ರ ಸಾಲದು, ರಕ್ತ ಬೇಕು. ಫಲಿತಾಂಶವನ್ನು ಅರ್ಥಮಾಡಿಕೊಳ್ಳಲು ಹಳೆಯ ದಾಖಲೆಯೂ ಬೇಕು. ಒಮ್ಮೆ ಸಿಫಿಲಿಸ್ ಬಂದು ಗುಣವಾದವರ ರಕ್ತದಲ್ಲೂ ಪ್ರತಿಕಾಯಗಳು ಉಳಿದಿರುತ್ತವೆ. ಹಿಂದೆ ಯಾವಾಗ ಚಿಕಿತ್ಸೆಯಾಯಿತು, ಆಗ ಪ್ರಮಾಣ ಎಷ್ಟಿತ್ತು ಎಂದು ತಿಳಿಯದೆ ಈಗಿನದು ಹೊಸ ಸೋಂಕೋ ಹಳೆಯ ಗುರುತೋ ಹೇಳಲಾಗದು. ನ್ಯೂಯಾರ್ಕಿನ ರೈಕರ್ಸ್ ದ್ವೀಪದ ಮಹಿಳಾ ಜೈಲಿನಲ್ಲಿ 1990ರ ದಶಕದಲ್ಲಿ ಮಾಡಿದ ಏರ್ಪಾಡು ಈ ಗಂಟನ್ನು ಬಿಡಿಸಿತು. ಒಳಬರುವಾಗಲೇ ಕ್ಷಿಪ್ರ ರಕ್ತಪರೀಕ್ಷೆ, ಜೊತೆಗೇ ನಗರ ಆರೋಗ್ಯ ಇಲಾಖೆಯ ಸಿಫಿಲಿಸ್ ದಾಖಲೆಯನ್ನು ಅಲ್ಲಿಯೇ ತೆರೆದು ನೋಡುವ ವ್ಯವಸ್ಥೆ. ಅಲ್ಲಿಯವರೆಗೆ ಚಿಕಿತ್ಸೆಯಿಲ್ಲದೆ ಹೊರಹೋಗುತ್ತಿದ್ದ ಹೆಂಗಸರಲ್ಲಿ ಬಹುತೇಕರಿಗೆ ಒಳಗೇ ಮದ್ದು ಸಿಗತೊಡಗಿತು.

ಮದ್ದು ಇಂದಿಗೂ ಪೆನಿಸಿಲಿನ್ನೇ. ಮೊದಲ ಹಂತಗಳ ಸಿಫಿಲಿಸ್‌ಗೆ 24 ಲಕ್ಷ ಯೂನಿಟ್ ಬೆಂಜಥೀನ್ ಪೆನಿಸಿಲಿನ್ ಒಂದು ಸಲ. ಎಷ್ಟು ಕಾಲದ ಸೋಂಕೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು ಸಲ. ತಂಪಿನಲ್ಲಿಡಬೇಕಾದ, ಗಟ್ಟಿ ಹಾಲಿನಂಥ ಈ ಮದ್ದನ್ನು ದಪ್ಪ ಸೂಜಿಯಿಂದ ಪಿರ್ರೆಗೆ ನಿಧಾನವಾಗಿ ಚುಚ್ಚುತ್ತಾರೆ. ಎರಡು ದಿನ ಕೂರಲು ನೋವು. ಮೊದಲನೆಯದು ಜೈಲಿನಲ್ಲಾಗಿ ಎರಡನೆಯ ವಾರ ಹೊರಗೆ ಕಳೆದುಹೋಗುವುದು ಸಾಮಾನ್ಯ. 2023ರಲ್ಲಿ ಅಮೆರಿಕದಲ್ಲಿ ಈ ಮದ್ದಿಗೇ ಕೊರತೆ ಬಿದ್ದು, ಇದ್ದುದನ್ನು ಗರ್ಭಿಣಿಯರಿಗೆ ಮೀಸಲಿಡಬೇಕಾಯಿತು. ಗರ್ಭಿಣಿಯರಿಗೆ ಬೇರೆ ಪರ್ಯಾಯವಿಲ್ಲ; ಉಳಿದವರಿಗೆ ದಿನವೂ ಎರಡು ಸಲ ನುಂಗುವ ಡಾಕ್ಸಿಸೈಕ್ಲಿನ್ ಕೊಡಬಹುದು, ಜೈಲಿನ ಮಾತ್ರೆ ಸಾಲಿನ ಕಷ್ಟಗಳೊಡನೆ.

ಬಲವಂತದ ಇತಿಹಾಸ

ಸೆರೆಯಲ್ಲಿರುವವರ ದೇಹವನ್ನು ರೋಗದ ಹೆಸರಿನಲ್ಲಿ ಬಳಸಿಕೊಂಡ ಕಥೆ ದೀರ್ಘವಾದುದು. ಬ್ರಿಟನ್ನಿನಲ್ಲಿ 1864ರಿಂದ 1886ರವರೆಗೆ ಜಾರಿಯಲ್ಲಿದ್ದ ಸಾಂಕ್ರಾಮಿಕ ರೋಗ ಕಾಯ್ದೆಗಳು ವೇಶ್ಯೆಯೆಂದು ಶಂಕಿಸಿದ ಹೆಣ್ಣನ್ನು ಬಲವಂತವಾಗಿ ಪರೀಕ್ಷಿಸಿ ಕೂಡಿಹಾಕಲು ಅಧಿಕಾರ ಕೊಟ್ಟಿದ್ದವು. ಭಾರತದಲ್ಲೂ 1868ರಲ್ಲಿ ಇಂಥದೇ ಕಾಯ್ದೆ ಬಂತು. ಸೈನಿಕರ ಆರೋಗ್ಯಕ್ಕೆಂದು ಹೆಂಗಸರನ್ನು ಕೂಡಿಹಾಕುವ ‘ಲಾಕ್ ಆಸ್ಪತ್ರೆ’ಗಳು ದಂಡು ಪ್ರದೇಶಗಳಲ್ಲಿ ನಡೆದವು, ಬೆಂಗಳೂರಿನ ದಂಡಿನಲ್ಲೂ ಒಂದಿತ್ತು. ಸೈನಿಕರಿಗೆ ಅಂಥ ಬಂಧನವಿರಲಿಲ್ಲ. ಅಮೆರಿಕ 1918ರ ಚೇಂಬರ್ಲೇನ್–ಕಾನ್ ಕಾಯ್ದೆಯ ಹಣದಿಂದ ಸೇನಾ ಶಿಬಿರಗಳ ಸುತ್ತ ಸಾವಿರಾರು ಹೆಂಗಸರನ್ನು ಹಿಡಿದು, ಪರೀಕ್ಷಿಸಿ, ಬಂಧನಗೃಹಗಳಲ್ಲಿಟ್ಟಿತು.

1943–44ರಲ್ಲಿ ಇಂಡಿಯಾನಾ ರಾಜ್ಯದ ಟೆರೆ ಹಾಟ್ ಸೆರೆಮನೆಯಲ್ಲಿ ಸುಮಾರು 240 ಕೈದಿಗಳಿಗೆ ಗೊನೋರಿಯಾ ರೋಗಾಣುಗಳನ್ನು ಬೇಕೆಂದೇ ಹಚ್ಚಲಾಯಿತು. ಅವರಿಗೆ ತಲಾ 100 ಡಾಲರ್, ಪ್ರಶಂಸಾಪತ್ರದ ಆಸೆ ತೋರಿಸಲಾಗಿತ್ತು. ಒಪ್ಪಿಗೆಯ ಸಹಿಯನ್ನೂ ಪಡೆಯಲಾಗಿತ್ತು. ಸೋಂಕು ನಿರೀಕ್ಷಿಸಿದಂತೆ ಹತ್ತದೆ ಆ ಪ್ರಯೋಗ ನಿಂತಿತು. ಅಲ್ಲಿ ದುಡಿದಿದ್ದ ವೈದ್ಯ ಜಾನ್ ಕಟ್ಲರ್ ಮುಂದೆ 1946ರಿಂದ 1948ರವರೆಗೆ ಗ್ವಾಟೆಮಾಲಾದಲ್ಲಿ ಕೈದಿಗಳು, ಸೈನಿಕರು, ಮಾನಸಿಕ ರೋಗಿಗಳ ಮೇಲೆ ಪ್ರಯೋಗ ನಡೆಸಿದ. 1,300ಕ್ಕೂ ಹೆಚ್ಚು ಮಂದಿಯನ್ನು ಈ ರೋಗಗಳಿಗೆ ಒಡ್ಡಲಾಯಿತು, ಅವರ ಸಮ್ಮತಿಯನ್ನೇ ಕೇಳಿರಲಿಲ್ಲ. ಇತಿಹಾಸಕಾರ್ತಿ ಸೂಸನ್ ರೆವರ್ಬಿ ಹಳೆಯ ಕಡತಗಳಲ್ಲಿ ಇದನ್ನು ಕಂಡು ಹೊರತಂದ ಮೇಲೆ 2010ರಲ್ಲಿ ಅಮೆರಿಕ ಸರ್ಕಾರ ಕ್ಷಮೆ ಕೇಳಿತು. ಕೈದಿಗಳ ಮೇಲಿನ ಸಂಶೋಧನೆಗೆ ವಿಶೇಷ ರಕ್ಷಣೆ ನೀಡುವ ನಿಯಮಗಳು ಆ ದೇಶದಲ್ಲಿ ಬಂದದ್ದು 1978ರಲ್ಲಿ.

ಇಂದಿನ ಪರೀಕ್ಷೆಗಳು ಬಹುಮಟ್ಟಿಗೆ ‘ಬೇಡ ಎನ್ನದಿದ್ದರೆ ಮಾಡುತ್ತೇವೆ’ ಎಂಬ ಕ್ರಮದಲ್ಲಿ ನಡೆಯುತ್ತವೆ. ಹೆಚ್ಚು ಮಂದಿಯನ್ನು ತಲುಪಲು ಇದು ನೆರವಾಗುತ್ತದೆ, ಯಾರನ್ನೂ ಬೇರೆಯಾಗಿ ಗುರುತಿಸಿದಂತೆ ಆಗುವುದಿಲ್ಲ. ಆದರೆ ಕೈಕೋಳ ಈಗಷ್ಟೇ ಬಿಚ್ಚಿದವರಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಬೇಡವೆಂದರೆ ಶಿಕ್ಷೆಯಿಲ್ಲ, ಫಲಿತಾಂಶ ಕಾವಲಿನವರಿಗೆ ತಿಳಿಯುವುದಿಲ್ಲ, ಮೊಕದ್ದಮೆಗೂ ಇದಕ್ಕೂ ಸಂಬಂಧವಿಲ್ಲ ಎಂಬ ಮೂರು ಮಾತನ್ನು ದಾದಿ ಬಾಯಿಬಿಟ್ಟು ಹೇಳಬೇಕು. ಹೇಳದೆ ಪಡೆದ ಮೌನ ಸಮ್ಮತಿಯಾಗದು.

ಕಾನೂನು, ಖರ್ಚು, ಕಾಂಡೋಮ್

1976ರ ಎಸ್ಟೆಲ್ ವಿರುದ್ಧ ಗ್ಯಾಂಬಲ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಕೈದಿಯ ಗಂಭೀರ ವೈದ್ಯಕೀಯ ಅಗತ್ಯವನ್ನು ತಿಳಿದೂ ಕಡೆಗಣಿಸುವುದು ಸಂವಿಧಾನಕ್ಕೆ ವಿರುದ್ಧವೆಂದಿತು. ಆದರೆ ಲಕ್ಷಣವೇ ಇಲ್ಲದ ಸೋಂಕನ್ನು ಹುಡುಕುವ ಹೊಣೆ ಈ ತೀರ್ಪಿನಿಂದ ತಾನಾಗಿ ಬರುವುದಿಲ್ಲ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ 1965ರಲ್ಲಿ ಹುಟ್ಟಿದಾಗಿನಿಂದಲೂ ಸೆರೆಯಲ್ಲಿರುವವರ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಖರ್ಚು ಕೌಂಟಿಯ ತಲೆಗೆ. 2023ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾ, ಬಿಡುಗಡೆಗೆ ಮುಂಚಿನ 90 ದಿನಗಳ ಕೆಲವು ಸೇವೆಗಳಿಗೆ ಮೊದಲ ವಿನಾಯಿತಿ ಪಡೆಯಿತು. ದಾದಿಯನ್ನು ಕಾಣಲು ಕೈದಿಯಿಂದಲೇ ಕೆಲವು ಡಾಲರ್ ವಸೂಲಿ ಮಾಡುವ ಜೈಲುಗಳು ಇಂದಿಗೂ ಇವೆ. ಅಂಟುರೋಗದ ವಿಷಯದಲ್ಲಿ ಇದಕ್ಕಿಂತ ಅವಿವೇಕದ ಉಳಿತಾಯ ಇನ್ನೊಂದಿಲ್ಲ.

ಕಾಂಡೋಮ್ ವಿತರಣೆ ವರ್ಮಾಂಟ್ ರಾಜ್ಯದಲ್ಲಿ 1987ರಿಂದ, ಸ್ಯಾನ್ ಫ್ರಾನ್ಸಿಸ್ಕೊ ಜೈಲುಗಳಲ್ಲಿ 1989ರಿಂದ ಇದೆ. ಉಳಿದ ಬಹುತೇಕ ಕಡೆ ಇಲ್ಲ. ಸೆರೆಯಲ್ಲಿ ಅತ್ಯಾಚಾರಕ್ಕೊಳಗಾದವರಿಗೆ ಸೋಂಕು ತಡೆಯುವ ಮದ್ದು ಕೊಡಬೇಕೆಂಬುದು ಇಂಥ ಅತ್ಯಾಚಾರ ತಡೆಯಲೆಂದು ಬಂದ 2003ರ ಕಾಯ್ದೆಯಡಿ 2012ರಲ್ಲಿ ಬಂದ ನಿಯಮಗಳಲ್ಲಿ ಸೇರಿದೆ.

ಭಾರತ ಮತ್ತು ಕರ್ನಾಟಕ

ಭಾರತದ ಜೈಲುಗಳಲ್ಲಿ 2022ರ ಕೊನೆಗೆ 5.7 ಲಕ್ಷ ಮಂದಿಯಿದ್ದರು. ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಹೆಂಗಸರು ಶೇ. 4ರಷ್ಟು. ಅಮೆರಿಕದ ಜೈಲಿನಲ್ಲಿ ದಿನಗಳ ಲೆಕ್ಕವಾದರೆ ಇಲ್ಲಿ ತಿಂಗಳು, ವರ್ಷಗಳ ಲೆಕ್ಕ. ತೀರ್ಪಿಲ್ಲದೆ ಐದು ವರ್ಷ ಮೀರಿ ಒಳಗಿದ್ದವರೇ ಆಗ 11 ಸಾವಿರಕ್ಕೂ ಹೆಚ್ಚು. ನ್ಯಾಯದ ದೃಷ್ಟಿಯಿಂದ ಇದು ದೊಡ್ಡ ಅನ್ಯಾಯ. ಚಿಕಿತ್ಸೆಯ ದೃಷ್ಟಿಯಿಂದ ನೋಡಿದರೆ ಮೂರು ವಾರದ ಪೆನಿಸಿಲಿನ್ ಆಗಲಿ ಏಳು ದಿನದ ಮಾತ್ರೆಯಾಗಲಿ ಪೂರೈಸಲು ಇಲ್ಲಿ ಸಮಯದ ಅಭಾವವಿಲ್ಲ. ಕೊರತೆ ಇರುವುದು ಪರೀಕ್ಷೆಯಲ್ಲಿ.

ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ (ನ್ಯಾಕೊ) ಲೈಂಗಿಕ ಸೋಂಕುಗಳಿಗೆ ಲಕ್ಷಣ ನೋಡಿ ಮದ್ದು ಕೊಡುವ ಕ್ರಮ ಅನುಸರಿಸುತ್ತದೆ. ಸರ್ಕಾರಿ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಬಣ್ಣಬಣ್ಣದ ಏಳು ಕಿಟ್‌ಗಳಿವೆ: ಮೂತ್ರನಾಳದ ಸ್ರಾವಕ್ಕೆ ಬೂದು ಕಿಟ್, ಯೋನಿ ಸ್ರಾವಕ್ಕೆ ಹಸಿರು, ಜನನಾಂಗದ ಹುಣ್ಣಿಗೆ ಬಿಳಿ, ಕಿಬ್ಬೊಟ್ಟೆ ನೋವಿಗೆ ಹಳದಿ, ಹೀಗೆ. ಪ್ರಯೋಗಾಲಯವಿಲ್ಲದ ಊರಿನಲ್ಲಿ ಇದು ಅಂದೇ ಮದ್ದು ದೊರಕಿಸುವ ಜಾಣ ಏರ್ಪಾಡು. ಆದರೆ ಲಕ್ಷಣವಿಲ್ಲದ ಸೋಂಕು ಈ ಕ್ರಮದ ಕಣ್ಣಿಗೆ ಬಹುಮಟ್ಟಿಗೆ ಬೀಳುವುದಿಲ್ಲ.

ಎಚ್‌ಐವಿ ವಿಷಯದಲ್ಲಿ ಕೆಲಸ ಮುಂದೆ ಹೋಗಿದೆ. ದೇಶದ ವಯಸ್ಕರಲ್ಲಿ ಶೇ. 0.2ರಷ್ಟಿರುವ ಸೋಂಕು ಕೈದಿಗಳಲ್ಲಿ ಶೇ. 2ರ ಆಸುಪಾಸಿನಲ್ಲಿದೆಯೆಂದು ರೋಗ ನಿಗಾ ಸಮೀಕ್ಷೆ ತೋರಿಸಿದೆ. ಪರಪ್ಪನ ಅಗ್ರಹಾರ, ಹಿಂಡಲಗಾ, ಮೈಸೂರು, ಬಳ್ಳಾರಿ, ಕಲಬುರಗಿಯಂಥ ಕೇಂದ್ರ ಕಾರಾಗೃಹಗಳಿರುವ ಕರ್ನಾಟಕದಲ್ಲಿ ಈ ಕೆಲಸದ ಹೊಣೆ ಕಾರಾಗೃಹ ಇಲಾಖೆಯದೂ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯದೂ ಹೌದು. ಪರೀಕ್ಷೆಗೆ ಸಮಗ್ರ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ (ಐಸಿಟಿಸಿ), ಮದ್ದಿಗೆ ಎಚ್‌ಐವಿ ನಿಗ್ರಹಿಸುವ ಔಷಧ ಕೊಡುವ ಎಆರ್‌ಟಿ ಕೇಂದ್ರ. 2023ರಲ್ಲಿ ನ್ಯಾಕೊ ಲೈಂಗಿಕ ಸೋಂಕು, ಎಚ್‌ಐವಿ, ಕ್ಷಯ, ಹೆಪಟೈಟಿಸ್ ನಾಲ್ಕನ್ನೂ ಒಟ್ಟಿಗೆ ತಪಾಸಣೆ ಮಾಡುವ ಅಭಿಯಾನವನ್ನು ಜೈಲುಗಳಲ್ಲಿ ನಡೆಸಿತು. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಸಮ್ಮತಿಯಿಲ್ಲದ ಪರೀಕ್ಷೆಯನ್ನು ನಿಷೇಧಿಸಿ, ಸರ್ಕಾರದ ವಶದಲ್ಲಿರುವವರಿಗೂ ಪರೀಕ್ಷೆ, ಚಿಕಿತ್ಸೆ, ಆಪ್ತಸಮಾಲೋಚನೆಯ ಹಕ್ಕು ಕೊಟ್ಟಿದೆ. ಬಂಧಿತರನ್ನು 48 ಗಂಟೆಗೊಮ್ಮೆ ವೈದ್ಯರು ನೋಡಬೇಕೆಂದು ಸುಪ್ರೀಂ ಕೋರ್ಟ್ 1996ರ ಡಿ. ಕೆ. ಬಸು ತೀರ್ಪಿನಲ್ಲಿ ಹೇಳಿದ್ದು ಪೊಲೀಸ್ ಹಿಂಸೆಯನ್ನು ತಡೆಯಲು. ಆ ಭೇಟಿಯಲ್ಲಿ ಗಾಯದ ಗುರುತಿನಾಚೆ ಬೇರೇನೂ ಕೇಳುವ ರೂಢಿ ಬೆಳೆದಿಲ್ಲ.

ಕಾಂಡೋಮ್ ವಿಚಾರ ಭಾರತದಲ್ಲಿ ಜೈಲಿನಿಂದಲೇ ನ್ಯಾಯಾಲಯಕ್ಕೆ ಹೋಯಿತು. ತಿಹಾರ್ ಜೈಲಿನಲ್ಲಿ ಕಾಂಡೋಮ್ ಹಂಚಲು ಆಗಿನ ಮಹಾನಿರೀಕ್ಷಕಿ ಕಿರಣ್ ಬೇಡಿ ಒಪ್ಪದಿದ್ದಾಗ ಏಡ್ಸ್ ಭೇದಭಾವ ವಿರೋಧಿ ಆಂದೋಲನ ಎಂಬ ಸಂಘಟನೆ 1994ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡ ಸಂಹಿತೆಯ 377ನೆಯ ಕಲಮನ್ನು ದೆಹಲಿ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಸಮ್ಮತಿಯ ಸಂಬಂಧವನ್ನು ಸುಪ್ರೀಂ ಕೋರ್ಟ್ ಆ ಕಲಮಿನಿಂದ ಹೊರಗಿಟ್ಟದ್ದು 2018ರಲ್ಲಿ. ಕಾನೂನಿನ ಅಡ್ಡಿ ಹೋದರೂ ಜೈಲುಗಳಲ್ಲಿ ಕಾಂಡೋಮ್ ಸುಲಭವಾಗಿ ಸಿಗುವ ಸ್ಥಿತಿ ಬಂದಿಲ್ಲ.

ವಿಶ್ವಸಂಸ್ಥೆಯ 2010ರ ಬ್ಯಾಂಕಾಕ್ ನಿಯಮಗಳು ಸೆರೆಗೆ ಬರುವ ಹೆಂಗಸರ ಆರೋಗ್ಯ ಪರೀಕ್ಷೆಯಲ್ಲಿ ಲೈಂಗಿಕ ಸೋಂಕುಗಳೂ ಸೇರಬೇಕೆಂದು ಹೇಳುತ್ತವೆ. ತನ್ನ ಸಂತಾನೋತ್ಪತ್ತಿಯ ಇತಿಹಾಸವನ್ನು ಹೇಳದಿರುವ, ಅದರ ಪರೀಕ್ಷೆಗೆ ಒಪ್ಪದಿರುವ ಹಕ್ಕನ್ನೂ ಅವಳಿಗೇ ಬಿಡುತ್ತವೆ. ಎಳೆಯ ಹೆಂಗಸರಿಗೆ ಮೂತ್ರದ ಪರೀಕ್ಷೆ, ಗರ್ಭಿಣಿಯರೆಲ್ಲರಿಗೂ ಸಿಫಿಲಿಸ್ ರಕ್ತಪರೀಕ್ಷೆ, ಜಾಮೀನಿನ ಮೇಲೆ ಹೊರಡುವವರ ಕೈಗೆ ಉಳಿದ ಮಾತ್ರೆ ಮತ್ತು ಹತ್ತಿರದ ಸುರಕ್ಷಾ ಕ್ಲಿನಿಕ್ಕಿಗೊಂದು ಚೀಟಿ: ಹೆಂಗಸರ ಸಂಖ್ಯೆ ಇಷ್ಟು ಕಡಿಮೆಯಿರುವ ನಮ್ಮ ಜೈಲುಗಳಲ್ಲಿ ಈ ಕೆಲಸವನ್ನು ಮಹಿಳಾ ವಿಭಾಗಗಳಿಂದ ಆರಂಭಿಸಲು ಹೊಸ ಕಟ್ಟಡವೂ ಬೇಡ, ಹೊಸ ಕಾಯ್ದೆಯೂ ಬೇಡ.